ಟ್ರಂಕಿನಲ್ಲಿ ಇಲ್ಲದ ಕಾಗದ

ಅಬ್ಬಾ ತಮ್ಮ ಸಾವಿಗೆ ಬೇಕಾದುದನ್ನೆಲ್ಲ ಜೋಡಿಸಿಟ್ಟಿದ್ದರು. ಹಜ್‌ನಿಂದ ತಂದ, ಝಮ್‌ಝಮ್ ನೀರಿನಲ್ಲಿ ಅದ್ದಿ ಒಣಗಿಸಿದ ಕಫನ್ ಬಟ್ಟೆ ಟ್ರಂಕಿನ ತಳದಲ್ಲಿತ್ತು. ದಫನಿನ ಖರ್ಚಿಗೆಂದು ಲಕೋಟೆಯಲ್ಲಿ ಹಣವಿತ್ತು. ಯಾರಿಗೆಷ್ಟು ಸಾಲ ತೀರಿಸಬೇಕೆಂಬ ಚೀಟಿಯೂ ಇತ್ತು. ಉದಯಗಿರಿಯ ನಮ್ಮ ಮನೆಯಲ್ಲಿ ಮರಣದ ಮಾತು ನಿಷಿದ್ಧವಾಗಿರಲಿಲ್ಲ. ಆದರೆ ಮರಣಕ್ಕೆ ಮುಂಚಿನ ದಿನಗಳ ಬಗ್ಗೆ ನಾವ್ಯಾರೂ ಅವರನ್ನು ಕೇಳಿರಲಿಲ್ಲ.

2019ರಲ್ಲಿ, 81ನೇ ವಯಸ್ಸಿನಲ್ಲಿ, ಅವರಿಗೆ ಮೆದುಳಿನಲ್ಲಿ ರಕ್ತಸ್ರಾವವಾಯಿತು. ಪ್ರಜ್ಞೆ ಮರಳಲಿಲ್ಲ. ಆಸ್ಪತ್ರೆಯಲ್ಲಿ ವೆಂಟಿಲೇಟರ್ ಹಾಕಿದರು. ನಾಲ್ಕನೇ ದಿನ ವೈದ್ಯರು, "ಗುಣವಾಗುವ ಲಕ್ಷಣವಿಲ್ಲ. ಇಂಥ ಸ್ಥಿತಿ ಬಂದರೆ ಏನು ಮಾಡಬೇಕೆಂದು ಅವರು ಎಂದಾದರೂ ಹೇಳಿದ್ದರೇ?" ಎಂದು ಕೇಳಿದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಯಂತ್ರ ತೆಗೆಸಿದರೆ ನಾವೇ ಕೊಂದಂತಾಗುವುದಿಲ್ಲವೇ?" ಎಂದ ಅಣ್ಣ. "ಗಂಟಲಿಗೆ ಕೊಳವೆ ತುರುಕಿರುವುದನ್ನು ನೋಡಲಾಗುತ್ತಿಲ್ಲ" ಎಂದ ತಮ್ಮ. ಹನ್ನೆರಡನೇ ದಿನ, ಫಜ್ರ್‌ಗೆ ಮುಂಚೆ, ಅಬ್ಬಾ ಹೋದರು. ನಾವೆಲ್ಲ ಹೊರಗೆ ಕುರ್ಚಿಗಳ ಮೇಲಿದ್ದೆವು. ಕಿವಿಯ ಬಳಿ ಕಲಿಮ ಹೇಳಲು ಒಬ್ಬರೂ ಇರಲಿಲ್ಲ. ಅಮ್ಮಿಗೆ ಇಂದಿಗೂ ಅದೇ ಕೊರಗು. ಅಣ್ಣ, ತಮ್ಮ ಆಮೇಲೆ ಮೂರು ವರ್ಷ ಈದ್‌ನ ದಿನವೂ ಮಾತಾಡಲಿಲ್ಲ.

ತನ್ನ ಕೊನೆಯ ದಿನಗಳ ಚಿಕಿತ್ಸೆ ಹೇಗಿರಬೇಕೆಂದು ವಯಸ್ಕರು ಮೊದಲೇ ಬರೆದಿಡಬಹುದೆಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದೇ ಹೇಳಿತ್ತು. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರ ಜನವರಿ 24ರಂದು ಅದನ್ನು ಸಡಿಲಿಸಿತು. ಈಗ ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ನಮ್ಮ ಪರವಾಗಿ ಮಾತಾಡುವವರ ಹೆಸರನ್ನೂ ಬರೆಯಬೇಕು. ಹೇಳುವ ಶಕ್ತಿ ನಮಗಿರುವವರೆಗೆ ಆ ಕಾಗದಕ್ಕೆ ಕೆಲಸವಿಲ್ಲ. ಆ ಶಕ್ತಿ ಹೋದ ಮೇಲೂ ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. 2025ರ ಜನವರಿ 30ರಂದು ಕರ್ನಾಟಕ ಸರಕಾರವೂ ಇದನ್ನು ಜಾರಿಗೊಳಿಸುವ ಆದೇಶ ಹೊರಡಿಸಿತು. ಇದು ಚುಚ್ಚುಮದ್ದು ಕೊಟ್ಟು ಸಾಯಿಸುವ ಅನುಮತಿಯಲ್ಲ. ಅದು ಈಗಲೂ ಅಪರಾಧ. ನೋವಿನ ಆರೈಕೆ ಕೊನೆಯವರೆಗೂ ಇರುತ್ತದೆ. ಮೈಸೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನವರು ಇಂಥ ಆರೈಕೆಯನ್ನು ರೋಗಿಯ ಮನೆಗೇ ಒಯ್ಯುತ್ತಾರೆ.

ಕಳೆದ ವರ್ಷ ಧೈರ್ಯ ಮಾಡಿ ಅಮ್ಮಿಯನ್ನು ಕೇಳಿದೆ: "ನಿಮಗೆ ಮಾತು ನಿಂತುಹೋದರೆ ನಾವೇನು ಮಾಡಬೇಕು?" ಅಮ್ಮಿ ಹುರುಳಿಕಾಯಿ ಮುರಿಯುತ್ತಿದ್ದರು. ಬೈಯುತ್ತಾರೆಂದುಕೊಂಡಿದ್ದೆ.

"ಇಷ್ಟು ದಿನ ಯಾಕೆ ಕೇಳಲಿಲ್ಲ?" ಎಂದರು. "ಗುಣವಾಗುವುದಾದರೆ ಎಲ್ಲವನ್ನೂ ಮಾಡಿಸಿ. ಇಲ್ಲವೆಂದು ಡಾಕ್ಟರು ಹೇಳಿದರೆ ಮನೆಗೆ ಕರೆತನ್ನಿ. ನೋವಾಗದಂತೆ ನೋಡಿಕೊಳ್ಳಿ. ಬಾಯಿಗೆ ನೀರು ನಿಮ್ಮ ಕೈಯಿಂದಲೇ ಬೀಳಲಿ."

ಯಾರ ಹೆಸರು ಬರೆಯಲಿ ಎಂದೆ. "ಇಬ್ಬರದ್ದೂ ಬರೆ" ಎಂದರು.

ಅಣ್ಣ ಸುಲಭವಾಗಿ ಒಪ್ಪಲಿಲ್ಲ. ಪರಿಚಯದ ಮೌಲಾನಾ ಒಬ್ಬರನ್ನು ವಿಚಾರಿಸಿದ. ಜೀವ ತೆಗೆಯುವುದು ಬೇರೆ, ಫಲವಿಲ್ಲದ ಚಿಕಿತ್ಸೆ ನಿಲ್ಲಿಸುವುದು ಬೇರೆ ಎಂದು ಅವರು ತಿಳಿಸಿ ಹೇಳಿದ ಮೇಲೆ ಬಂದ. ನೋಟರಿಯ ಮುಂದೆ ಅಮ್ಮಿ ನಿಧಾನವಾಗಿ ಉರ್ದುವಿನಲ್ಲಿ ಸಹಿ ಹಾಕಿದರು. ನೆರೆಮನೆಯ ಇಬ್ಬರು ಸಾಕ್ಷಿಯಾದರು. ಅಣ್ಣ, ತಮ್ಮ ಒಂದೇ ಬೆಂಚಿನಲ್ಲಿ ಕೂತಿದ್ದರು.

ಕಾಗದದ ಒಂದೊಂದು ಪ್ರತಿ ಅವರಿಬ್ಬರ ಬಳಿ, ಒಂದು ನಮ್ಮ ಡಾಕ್ಟರ ಬಳಿ ಇದೆ. ಅಸಲನ್ನು ಅಮ್ಮಿ ಟ್ರಂಕಿನಲ್ಲಿ, ತಮ್ಮ ಕಫನಿನ ಮೇಲಿಟ್ಟಿದ್ದಾರೆ. ನಿಮ್ಮ ಮನೆಯ ಹಿರಿಯರೂ ನೀವು ಕೇಳುವುದನ್ನೇ ಕಾಯುತ್ತಿರಬಹುದು.