ಸಾಲು ಹೋದರೂ ಶಿಲ್ಕು ನಿಲ್ಲಲಿ

ಚೆನ್ನಾಗಿ ಕಟ್ಟಿದ ಎಕ್ಸೆಲ್ ಶೀಟಿನಲ್ಲಿ ನಡುವಿನ ಒಂದು ಸಾಲನ್ನು ಅಳಿಸಿ ನೋಡಿ. ಕೆಳಗಿನ ಸಾಲುಗಳೆಲ್ಲ ಮೇಲೆ ಸರಿದು ಆ ಜಾಗ ತುಂಬುತ್ತವೆ, ಶಿಲ್ಕಿನ ಕಾಲಂ ಆ ಕ್ಷಣದಲ್ಲೇ ತನ್ನ ಅಂಕಿಗಳನ್ನು ತಿದ್ದಿಕೊಳ್ಳುತ್ತದೆ, ಕ್ರಮಸಂಖ್ಯೆ ಎಲ್ಲೂ ತಪ್ಪದೆ ಮುಂದುವರಿಯುತ್ತದೆ, ಕೊನೆಯ ಮೊತ್ತ ಎಷ್ಟಿರಬೇಕೋ ಅಷ್ಟಕ್ಕೆ ಬಂದು ನಿಲ್ಲುತ್ತದೆ. ಅದನ್ನು ನೋಡುವ ಸುಖ ನನಗೆ ಇನ್ನೂ ಹಳತಾಗಿಲ್ಲ. ಹಾಗೆ ಕಟ್ಟದ ಶೀಟಿನಲ್ಲಿ ಅದೇ ಸಾಲನ್ನು ಅಳಿಸಿದರೆ ಅಲ್ಲಿಂದ ಕೆಳಕ್ಕೆ ಇಡೀ ಕಾಲಂ ‘#ರೆಫ್!’ ಎಂಬ ಗುರುತಿನಿಂದ ತುಂಬಿಹೋಗುತ್ತದೆ. ನೂರು ಸಾಲಿನ ಲೆಕ್ಕ ಕಣ್ಣೆದುರೇ ಹಾಳಾದಂತೆ ಕಾಣುತ್ತದೆ. ಬಹಳ ಜನ ಇದನ್ನು ಎಕ್ಸೆಲ್ ಕೊಡುವ ಕಿರಿಕಿರಿ ಎಂದುಕೊಂಡು ಆ ಗುರುತನ್ನು ಕಾಣದಂತೆ ಮಾಡುವ ಉಪಾಯ ಹುಡುಕುತ್ತಾರೆ. ಇಲ್ಲಿ ಮರೆಮಾಡಬೇಕಾದದ್ದು ಏನೂ ಇಲ್ಲ ಎಂಬುದು ನನ್ನ ವಾದ. ನಾಳೆ ಇಲ್ಲದೆ ಹೋಗಬಹುದಾದ ಸೆಲ್ಲನ್ನು ನೆಚ್ಚಿ ಸೂತ್ರ ಬರೆದಿದ್ದೇವೆ; ಶೀಟು ಅದನ್ನು ಮುಚ್ಚಿಡದೆ ಹೇಳುತ್ತಿದೆ. ತಿದ್ದಬೇಕಾದದ್ದು ಸೂತ್ರ ಬರೆಯುವ ಕೈಯನ್ನು.

ಯಾವುದೇ ಸಂಘದ ಜಮಾ-ಖರ್ಚಿನ ಪಟ್ಟಿಯನ್ನು ತೆಗೆದುಕೊಳ್ಳೋಣ. ಮೊದಲ ಸಾಲಿನಲ್ಲಿ ಶೀರ್ಷಿಕೆ. ಎ ಕಾಲಂನಲ್ಲಿ ತಾರೀಖು, ಬಿಯಲ್ಲಿ ವಿವರ, ಸಿಯಲ್ಲಿ ಜಮಾ, ಡಿಯಲ್ಲಿ ಖರ್ಚು, ಇಯಲ್ಲಿ ಶಿಲ್ಕು. ಎರಡನೆಯ ಸಾಲಿನಲ್ಲಿ ಆರಂಭದ ಶಿಲ್ಕು ಇದೆ. ಮೂರನೆಯ ಸಾಲಿನಿಂದ ಎಲ್ಲರೂ ಬರೆಯುವ ಸೂತ್ರ ಒಂದೇ: ಇ3ರಲ್ಲಿ =ಇ2+ಸಿ3−ಡಿ3, ಅಂದರೆ ಮೇಲಿನ ಶಿಲ್ಕಿಗೆ ಇವತ್ತಿನ ಜಮಾ ಕೂಡಿಸಿ ಖರ್ಚು ಕಳೆ. ಕೈಬರಹದ ನಗದು ಪುಸ್ತಕದಲ್ಲಿ ನಡೆಯುತ್ತಿದ್ದದ್ದೂ ಹೀಗೆಯೇ, ಆದ್ದರಿಂದ ಈ ಸೂತ್ರ ಸಹಜವಾಗಿ ಕೈಗೆ ಬರುತ್ತದೆ. ಈಗ ಏಳನೆಯ ಸಾಲು ಎರಡು ಸಲ ಬರೆದ ರಸೀದಿ ಎಂದು ಗೊತ್ತಾಗಿ ಅದನ್ನು ಅಳಿಸಿದಿರಿ. ಎಂಟನೆಯ ಸಾಲಿನ ಸೂತ್ರ ಇ7ನ್ನು ಹೆಸರಿಟ್ಟು ಕರೆಯುತ್ತಿತ್ತು. ಆ ಇ7 ಈಗಿಲ್ಲ. ಎಕ್ಸೆಲ್ ಆ ಹೆಸರಿದ್ದ ಕಡೆ #ರೆಫ್! ಎಂದು ಬರೆಯುತ್ತದೆ; ಅದರ ಕೆಳಗಿನ ಪ್ರತಿ ಶಿಲ್ಕೂ ತನ್ನ ಮೇಲಿನದನ್ನೇ ಕೇಳುವುದರಿಂದ ದೋಷ ತುದಿಯವರೆಗೂ ಇಳಿಯುತ್ತದೆ. ಆದರೆ ಗಮನಿಸಿ, ನಿಜವಾಗಿ ಕೆಟ್ಟಿರುವ ಸೂತ್ರ ಒಂದೇ. ಉಳಿದವೆಲ್ಲ ನೆಟ್ಟಗಿವೆ. ಆ ಒಂದು ಸೆಲ್ಲಿಗೆ ಅದರ ಮೇಲಿನ ಸೂತ್ರವನ್ನು ಎಳೆದು ತುಂಬಿದರೆ ಇಡೀ ಕಾಲಂ ಮತ್ತೆ ಜೀವ ಪಡೆಯುತ್ತದೆ. ಹೆದರಿ ಎಲ್ಲವನ್ನೂ ಹೊಸದಾಗಿ ಟೈಪ್ ಮಾಡುವವರಿಗೆ ಮೊದಲು ತಿಳಿಯಬೇಕಾದದ್ದು ಇದು.

ಕೆಡದಂತೆ ಬರೆಯುವುದು ಹೇಗೆ? ಎಕ್ಸೆಲ್ ಒಂಟಿ ಸೆಲ್ಲನ್ನು ಒಂದು ಬಗೆಯಲ್ಲಿ, ಇಲ್ಲಿಂದ ಅಲ್ಲಿಯವರೆಗೆ ಎಂಬ ವ್ಯಾಪ್ತಿಯನ್ನು ಇನ್ನೊಂದು ಬಗೆಯಲ್ಲಿ ನೋಡುತ್ತದೆ. ಉತ್ತರ ಇರುವುದು ಈ ಭೇದದಲ್ಲಿ. =ಸಿ3+ಸಿ4+ಸಿ5 ಎಂದು ಬರೆದಿದ್ದರೆ ನಾಲ್ಕನೆಯ ಸಾಲು ಹೋದಾಗ ಸೂತ್ರ ಮುರಿಯುತ್ತದೆ. ಅದನ್ನೇ =ಸಮ್(ಸಿ3:ಸಿ5) ಎಂದು ಬರೆದಿದ್ದರೆ ವ್ಯಾಪ್ತಿ ಸದ್ದಿಲ್ಲದೆ ಸಿ3:ಸಿ4 ಎಂದು ಕುಗ್ಗಿಕೊಳ್ಳುತ್ತದೆ. ನಡುವಿನ ಸಾಲೇ ಆಗಬೇಕೆಂದಿಲ್ಲ, ತುದಿಯ ಸಾಲು ಹೋದರೂ ಕುಗ್ಗುತ್ತದೆ. ವ್ಯಾಪ್ತಿಯೊಳಗಿನ ಎಲ್ಲ ಸಾಲುಗಳನ್ನೂ ಒಟ್ಟಿಗೆ ಅಳಿಸಿದಾಗ ಮಾತ್ರ ಅದು ಸೋಲುತ್ತದೆ. ಹಾಗಾದರೆ ಶಿಲ್ಕನ್ನೂ ವ್ಯಾಪ್ತಿಯಾಗಿಯೇ ಹೇಳಬಹುದು: ಆರಂಭದ ಶಿಲ್ಕನ್ನು ಸಿ2ರಲ್ಲಿ ಜಮಾ ಎಂದು ಹಾಕಿ, ಇ3ರಲ್ಲಿ =ಸಮ್(ಸಿ$1:ಸಿ3)−ಸಮ್(ಡಿ$1:ಡಿ3) ಎಂದು ಬರೆದು ಕೆಳಗೆಳೆಯುವುದು. ಇಂದಿನವರೆಗಿನ ಒಟ್ಟು ಜಮಾದಲ್ಲಿ ಇಂದಿನವರೆಗಿನ ಒಟ್ಟು ಖರ್ಚು ಕಳೆ ಎಂದು ಇದರರ್ಥ. ವ್ಯಾಪ್ತಿಯನ್ನು ಶೀರ್ಷಿಕೆಯ ಸಾಲಿನಿಂದಲೇ ಹಿಡಿದಿರುವುದಕ್ಕೆ ಕಾರಣವಿದೆ. ಸಮ್ ತನ್ನ ವ್ಯಾಪ್ತಿಯಲ್ಲಿರುವ ಅಕ್ಷರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಶೀರ್ಷಿಕೆಯನ್ನು ಯಾರೂ ಅಳಿಸುವುದೂ ಇಲ್ಲ. ಲಂಗರು ಹಾಕಲು ಇಡೀ ಶೀಟಿನಲ್ಲಿ ಅಷ್ಟು ಗಟ್ಟಿಯಾದ ನೆಲ ಇನ್ನೊಂದಿಲ್ಲ.

ಇದಕ್ಕೆ ಬರುವ ಆಕ್ಷೇಪ ನ್ಯಾಯವಾದದ್ದೇ. ಹಳೆಯ ಸೂತ್ರ ಪ್ರತಿ ಸಾಲಿನಲ್ಲಿ ಮೂರೇ ಸೆಲ್ಲನ್ನು ನೋಡುತ್ತಿತ್ತು, ಇದು ಮೊದಲಿನಿಂದ ಕೂಡಿಸುತ್ತಾ ಬರುತ್ತದೆ. ಸಾವಿರ ಸಾಲಿದ್ದರೆ ಜಮಾ ಕಾಲಂ ಒಂದಕ್ಕೇ ಸುಮಾರು 5 ಲಕ್ಷ ಸೆಲ್ಲುಗಳನ್ನು ಓದಬೇಕಾಗುತ್ತದೆ. ಸಾಲು ಎರಡರಷ್ಟಾದರೆ ಈ ಕೆಲಸ ನಾಲ್ಕರಷ್ಟಾಗುತ್ತದೆ. ಸಂಘದ ಪಟ್ಟಿಗೆ ಇದು ಏನೇನೂ ಅಲ್ಲ, ಇಂದಿನ ಕಂಪ್ಯೂಟರಿಗೆ ಅರಿವಿಗೂ ಬಾರದು. ಆದರೆ ಹತ್ತಾರು ಸಾವಿರ ಸಾಲಿನ ಶೀಟು ನಿಜಕ್ಕೂ ತಡವರಿಸುತ್ತದೆ. ಅಂಥಲ್ಲಿ ಇನ್ನೊಂದು ದಾರಿಯಿದೆ: =ಆಫ್‌ಸೆಟ್(ಇ3,−1,0)+ಸಿ3−ಡಿ3. ನನ್ನಿಂದ ಒಂದು ಸಾಲು ಮೇಲಿರುವುದನ್ನು ತಾ ಎನ್ನುತ್ತದೆ ಇದು. ಮನೆ ನಂಬರ್ ಹೇಳಿ ವಿಳಾಸ ಕೊಡುವುದಕ್ಕೂ ನಮ್ಮ ಪಕ್ಕದ ಮನೆ ಎಂದು ಹೇಳುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿರುವುದು. ಆ ನಂಬರಿನ ಮನೆ ಕೆಡವಿದರೆ ಮೊದಲನೆಯ ವಿಳಾಸಕ್ಕೆ ಅರ್ಥವಿಲ್ಲ. ನಾವಿರುವ ತನಕ ನಮ್ಮ ಪಕ್ಕದಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಈ ಸೂತ್ರ ಹೆಸರಿಸುವ ಶಿಲ್ಕಿನ ಸೆಲ್ ತಾನು ಕುಳಿತಿರುವ ಸೆಲ್ಲೇ. ಅದು ಹೋದರೆ ಸೂತ್ರವೂ ಜೊತೆಗೇ ಹೋಗುತ್ತದೆ, ಮುರಿಯಲು ಏನೂ ಉಳಿಯುವುದಿಲ್ಲ. ಈ ಜಾಣ್ಮೆಯನ್ನು ಮೊದಲ ಸಲ ಅರ್ಥಮಾಡಿಕೊಂಡವರಿಗೆ ಆಗುವ ಸಂತೋಷ ಚಿಕ್ಕದಲ್ಲ. ಇದಕ್ಕೂ ಒಂದು ಬೆಲೆಯಿದೆ. ಶೀಟಿನಲ್ಲಿ ಎಲ್ಲಿ ಏನು ಬದಲಾದರೂ ಆಫ್‌ಸೆಟ್ ಮತ್ತೆ ಲೆಕ್ಕ ಹಾಕಿಕೊಳ್ಳುತ್ತದೆ. ಯಾವ ಸೆಲ್ ಯಾವುದನ್ನು ನೆಚ್ಚಿದೆ ಎಂದು ಬಾಣ ಎಳೆದು ತೋರಿಸುವ ಸೌಲಭ್ಯಕ್ಕೂ ಅದರ ನಿಜವಾದ ನಂಟು ಕಾಣುವುದಿಲ್ಲ. ಹಾಗಾಗಿ ಸಾಧಾರಣ ಪಟ್ಟಿಗಳಿಗೆ ಸಮ್ ಸಾಕು ಎಂಬುದೇ ನನ್ನ ಒಲವು. ಕ್ರಮಸಂಖ್ಯೆಯ ವಿಷಯದಲ್ಲಿ ಇಂಥ ಗೊಂದಲವೂ ಇಲ್ಲ: ಮೇಲಿನದಕ್ಕೆ ಒಂದು ಕೂಡಿಸು ಎನ್ನುವ ಬದಲು =ರೋ()−1 ಎಂದು ತನ್ನ ಸಾಲಿನ ಸಂಖ್ಯೆಯಿಂದಲೇ ಪಡೆದರೆ ಆಯಿತು.

ಇಷ್ಟೆಲ್ಲ ಏಕೆ, ಇಫ್‌ಎರರ್ ಎಂಬ ಒಂದು ಪದ ಸುತ್ತಿದರೆ ದೋಷ ಕಾಣುವುದೇ ಇಲ್ಲವಲ್ಲ ಎನ್ನುವವರಿದ್ದಾರೆ. 2007ರ ಎಕ್ಸೆಲ್‌ನಲ್ಲಿ ಬಂದ ಈ ಸೌಲಭ್ಯಕ್ಕೆ ತಕ್ಕ ಜಾಗಗಳಿವೆ. ಹುಡುಕಿದ ಹೆಸರು ಪಟ್ಟಿಯಲ್ಲಿ ಇಲ್ಲದಿರಬಹುದು ಎಂದು ಮೊದಲೇ ಗೊತ್ತಿರುವಲ್ಲಿ ಅದು ಉಪಯುಕ್ತ. ಸಾಲು ಅಳಿಸುವ ತೊಂದರೆಗೆ ಅದನ್ನು ಮದ್ದೆಂದು ಬಳಸುವುದನ್ನು ಮಾತ್ರ ನಾನು ಒಪ್ಪಲಾರೆ. ಶಿಲ್ಕಿನ ಸೂತ್ರಗಳಿಗೆಲ್ಲ ‘ದೋಷವಿದ್ದರೆ 0 ತೋರಿಸು’ ಎಂದು ಸುತ್ತಿದ್ದೀರಿ ಎನ್ನಿ. ಏಳನೆಯ ಸಾಲು ಅಳಿಸುವ ಮುನ್ನ ಶಿಲ್ಕು 18,400 ರೂಪಾಯಿ ಇತ್ತು. ಅಳಿಸಿದ ಮೇಲೆ ಮುಂದಿನ ಸೆಲ್ ಸೊನ್ನೆ ಆಗುತ್ತದೆ. ಅದರ ಮುಂದಿನ ಸಾಲಿನಲ್ಲಿ 500 ರೂಪಾಯಿ ಜಮಾ ಇದ್ದರೆ ಶಿಲ್ಕು 500 ಎನ್ನುತ್ತದೆ. ಅಲ್ಲಿಂದ ಕೊನೆಯವರೆಗೆ ಎಲ್ಲ ಅಂಕಿಗಳೂ ಅಂಕಿಗಳಂತೆಯೇ ಕಾಣುತ್ತವೆ, ಎಲ್ಲವೂ ತಪ್ಪು. #ರೆಫ್! ಇದ್ದಿದ್ದರೆ ಆ ಪುಟವನ್ನು ಯಾರೂ ಸಭೆಯ ಮುಂದೆ ಇಡುತ್ತಿರಲಿಲ್ಲ. ಸೊನ್ನೆಯಿಂದ ಮತ್ತೆ ಶುರುವಾದ ಲೆಕ್ಕವನ್ನು ಪ್ರಿಂಟ್ ತೆಗೆದು ಸಹಿ ಹಾಕಿಸಿಕೊಳ್ಳಬಹುದು.

ಕೂಗಿ ಹೇಳುವ ದೋಷಕ್ಕಿಂತ ಮೌನವಾದ ದೋಷ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಪ್ರಸಿದ್ಧ ಸಾಕ್ಷ್ಯವಿದೆ. ಸರ್ಕಾರಗಳ ಸಾಲ ಒಟ್ಟು ಉತ್ಪನ್ನದ 90%ನ್ನು ದಾಟಿದರೆ ಬೆಳವಣಿಗೆ ಕುಸಿಯುತ್ತದೆ ಎಂದು ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗೋಫ್ 2010ರಲ್ಲಿ ಬರೆದರು. ಯುರೋಪ್, ಅಮೆರಿಕಗಳ ಮಿತವ್ಯಯದ ಚರ್ಚೆಯಲ್ಲಿ ಆ ಪ್ರಬಂಧವನ್ನು ಮತ್ತೆ ಮತ್ತೆ ಉದಾಹರಿಸಲಾಯಿತು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಕ್ಯಾಂಪಸ್ಸಿನ ಸಂಶೋಧನ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ಮೂಲ ಶೀಟನ್ನೇ ತರಿಸಿಕೊಂಡು ನೋಡಿದಾಗ, ಸರಾಸರಿಯ ಸೂತ್ರ 30ರಿಂದ 49ನೆಯ ಸಾಲಿನವರೆಗೆ ಹೋಗುವ ಬದಲು 44ಕ್ಕೇ ನಿಂತಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಐದೂ ಲೆಕ್ಕದ ಹೊರಗಿದ್ದವು. ಆ ಪ್ರಬಂಧದ ಫಲಿತಾಂಶ ಅಲುಗಾಡಿದ್ದು ಇದೊಂದರಿಂದಲೇ ಅಲ್ಲ. ಕೆಲವು ವರ್ಷಗಳ ಅಂಕಿಗಳನ್ನು ಕೈಬಿಟ್ಟದ್ದು, ದೇಶಗಳಿಗೆ ತೂಕ ಕೊಟ್ಟ ರೀತಿ ಇವುಗಳ ಪಾಲು ಇನ್ನೂ ಹೆಚ್ಚು. ನನ್ನ ಮಾತಿಗೆ ಬೇಕಾದದ್ದು ಇಷ್ಟೇ: ಐದು ಸಾಲು ಬಿಟ್ಟುಹೋದ ಸೂತ್ರ ಮೂರು ವರ್ಷ ಯಾವ ಗುರುತನ್ನೂ ತೋರಿಸದೆ ಒಂದು ಅಂಕಿಯನ್ನು ಕೊಡುತ್ತಲೇ ಇತ್ತು.

ಸಾಲು ಅಳಿಸುವುದರಲ್ಲೂ ಇಂಥ ಮೌನದ ಜಾಗಗಳಿವೆ. ಕೊನೆಯ ಸಾಲನ್ನು ಅಳಿಸಿದಾಗ ಒಟ್ಟು ಮೊತ್ತದ ವ್ಯಾಪ್ತಿ ಸರಿಯಾಗಿಯೇ ಕುಗ್ಗುತ್ತದೆ. ಆಮೇಲೆ ಮೊತ್ತದ ಮೇಲೆ ಹೊಸ ಸಾಲು ಸೇರಿಸಿದರೆ ಅದು ವ್ಯಾಪ್ತಿಯ ಹೊರಗೆ ಉಳಿಯಬಹುದು. ಎಕ್ಸೆಲ್ ಕೆಲವೊಮ್ಮೆ ತಾನೇ ಹಿಗ್ಗಿಸಿಕೊಳ್ಳುತ್ತದೆ, ಯಾವಾಗಲೂ ಅಲ್ಲ. ಅದಕ್ಕೇ ಮೊತ್ತದ ಮೇಲೆ ಒಂದು ಖಾಲಿ ಸಾಲನ್ನು ಬಣ್ಣ ಹಚ್ಚಿ ಬಿಟ್ಟು, ಅದನ್ನೂ ವ್ಯಾಪ್ತಿಯೊಳಗೆ ಸೇರಿಸಿ, ಹೊಸದನ್ನೆಲ್ಲ ಅದರ ಮೇಲೆಯೇ ಬರೆಯುವ ರೂಢಿ ನನಗೆ ಬಹಳ ಹಿಡಿಸುತ್ತದೆ. ಇದಕ್ಕಿಂತ ಅಪಾಯದ್ದು ಎರಡು ಫೈಲುಗಳ ನಂಟು. ವರ್ಷದ ಫೈಲು ತಿಂಗಳ ಫೈಲಿನ ಇ15ನ್ನು ತರಿಸಿಕೊಳ್ಳುತ್ತಿದೆ. ವರ್ಷದ ಫೈಲು ಮುಚ್ಚಿರುವಾಗ ತಿಂಗಳ ಫೈಲಿನಲ್ಲಿ ಸಾಲೊಂದು ಹೋಯಿತು. ಬೇಕಾದ ಅಂಕಿ ಇ14ಕ್ಕೆ ಏರಿತು, ಮುಚ್ಚಿದ ಫೈಲಿಗೆ ಸುದ್ದಿ ಮುಟ್ಟಲಿಲ್ಲ. ನಾಳೆ ತೆರೆದಾಗ ಅದು ಇ15ರಲ್ಲಿ ಈಗ ಇರುವ ಬೇರಾವುದೋ ಮೊತ್ತವನ್ನು ತಂದುಕೊಳ್ಳುತ್ತದೆ. ದೋಷದ ಗುರುತಿಲ್ಲ. ತಿಂಗಳ ಶೀಟಿನ ಆ ಸೆಲ್ಲಿಗೆ ‘ಅಖೈರು_ಶಿಲ್ಕು’ ಎಂದು ಹೆಸರಿಟ್ಟು, ವರ್ಷದ ಫೈಲಿನಿಂದ ಆ ಹೆಸರನ್ನೇ ಕರೆದರೆ ಸೆಲ್ ಎಲ್ಲಿಗೆ ಸರಿದರೂ ಹೆಸರು ಜೊತೆಗೇ ಸರಿಯುತ್ತದೆ.

ಲೆಕ್ಕದ ಪುಸ್ತಕದಲ್ಲಿ ಸಾಲು ಅಳಿಸುವುದೇ ತಪ್ಪಲ್ಲವೇ ಎಂದು ಹಿರಿಯ ಗುಮಾಸ್ತರು ಕೇಳುತ್ತಾರೆ. ಈ ಆಕ್ಷೇಪಕ್ಕೆ ನಾನು ಬಹುಮಟ್ಟಿಗೆ ತಲೆಬಾಗುತ್ತೇನೆ. ನಗದು ಪುಸ್ತಕದಲ್ಲಿ ತಪ್ಪನ್ನು ಉಜ್ಜಿ ತೆಗೆಯುವುದಿಲ್ಲ. ಅಡ್ಡಗೆರೆ ಎಳೆದು ಸಹಿ ಹಾಕುತ್ತಾರೆ, ಇಲ್ಲವೇ ತಿರುವು ನಮೂದು ಬರೆಯುತ್ತಾರೆ. ನಮ್ಮ ದೇಶದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್ ಪ್ರತಿ ತಿದ್ದುಪಡಿಯ ಜಾಡನ್ನೂ ಉಳಿಸಿಕೊಳ್ಳಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅಧಿಕೃತ ಲೆಕ್ಕಕ್ಕೆ ಅದೇ ಸರಿ. ಆದರೆ ಶೀಟಿನಲ್ಲಿರುವುದೆಲ್ಲ ಅಧಿಕೃತ ಲೆಕ್ಕವಲ್ಲ. ಮದುವೆಗೆ ಕರೆಯಬೇಕಾದವರ ಪಟ್ಟಿ, ಅಂಗಡಿಯ ದಾಸ್ತಾನು, ಬ್ಯಾಂಕಿನಿಂದ ಇಳಿಸಿಕೊಂಡು ಎರಡು ಸಲ ಅಂಟಿಸಿದ ಪಾಸ್‌ಬುಕ್ಕಿನ ಸಾಲುಗಳು, ಮುಂದಿನ ವರ್ಷದ ಅಂದಾಜು, ಇವುಗಳಲ್ಲಿ ಸಾಲುಗಳು ಬರುತ್ತಿರುತ್ತವೆ, ಹೋಗುತ್ತಿರುತ್ತವೆ. ಅಳಿಸುವ ಬದಲು ಮರೆಮಾಡಿ ಇಡಿ ಎಂಬ ಸಲಹೆ ಇನ್ನೂ ಕೆಟ್ಟದ್ದು. 2008ರಲ್ಲಿ ದಿವಾಳಿಯಾದ ಲೆಹ್ಮನ್ ಬ್ರದರ್ಸ್‌ನ ಆಸ್ತಿಯನ್ನು ಬಾರ್‌ಕ್ಲೇಸ್ ಬ್ಯಾಂಕ್ ಕೊಳ್ಳುವಾಗ ಒಪ್ಪಂದಗಳ ಪಟ್ಟಿ ಶೀಟಿನಲ್ಲಿತ್ತು. ಬೇಡವಾದ 179 ಒಪ್ಪಂದಗಳ ಸಾಲುಗಳನ್ನು ಅಳಿಸಿರಲಿಲ್ಲ, ಮರೆಮಾಡಲಾಗಿತ್ತು. ಅದನ್ನು ಪಿಡಿಎಫ್ ಮಾಡಲೆಂದು ಹೊಸದಾಗಿ ಜೋಡಿಸಿದಾಗ ಅವೂ ತೆರೆದುಕೊಂಡು ನ್ಯಾಯಾಲಯಕ್ಕೆ ಸಲ್ಲಿಸಿದ ಪಟ್ಟಿಯಲ್ಲಿ ಸೇರಿದವು. ಅವನ್ನು ಹೊರಗಿಡಿ ಎಂದು ವಕೀಲರು ಅರ್ಜಿ ಹಾಕಬೇಕಾಯಿತು.

ಕಂಟ್ರೋಲ್-ಝಡ್ ಇರುವಾಗ ಚಿಂತೆ ಏಕೆ ಎನ್ನುವುದಕ್ಕೆ ಉತ್ತರ ಚಿಕ್ಕದು. ದೋಷ ಕಣ್ಣಿಗೆ ಬಿದ್ದಾಗ ಅದು ಒಳ್ಳೆಯ ಆಸರೆ. ದೋಷ ಮೂರನೆಯ ಶೀಟಿನ ಮೂಲೆಯಲ್ಲಿ ಎದ್ದಿದ್ದರೆ ನಾವು ಫೈಲು ಮುಚ್ಚಿ ಎದ್ದುಹೋಗಿರುತ್ತೇವೆ, ಹಿಂದಿರುಗುವ ದಾರಿ ಅಲ್ಲಿಗೆ ಮುಗಿಯಿತು. ಒಮ್ಮೆ #ರೆಫ್! ಆದ ಸೂತ್ರಕ್ಕೆ ತಾನು ಮೊದಲು ಯಾವ ಸೆಲ್ಲನ್ನು ಕರೆಯುತ್ತಿದ್ದೆ ಎಂಬ ನೆನಪೂ ಇರುವುದಿಲ್ಲ. ಆದ್ದರಿಂದ ಅಳಿಸುವ ಮುಂಚೆ ಆ ಸಾಲನ್ನು ಯಾರು ನೆಚ್ಚಿದ್ದಾರೆಂದು ಬಾಣ ಎಳೆಸಿ ನೋಡುವುದು, ಅಳಿಸಿದ ಮೇಲೆ ಇಡೀ ಫೈಲಿನ ಸೂತ್ರಗಳಲ್ಲಿ ಆ ಗುರುತನ್ನು ಹುಡುಕಿಸುವುದು ಎರಡೂ ಬೇಕು.

ಡ್ಯಾನ್ ಬ್ರಿಕ್ಲಿನ್‌ಗೆ ಕಂಪ್ಯೂಟರಿನ ಲೆಕ್ಕದ ಶೀಟು ಎಂಬ ಈ ಉಪಕರಣದ ಕಲ್ಪನೆ ಬಂದದ್ದೇ ಅಳಿಸುವ ಕಷ್ಟ ನೋಡಿ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಅಧ್ಯಾಪಕರೊಬ್ಬರು ಕರಿಹಲಗೆಯ ಮೇಲೆ ಮನೆ ಮನೆಯಾಗಿ ಅಂಕಿ ಬರೆದಿದ್ದರು. ಒಂದನ್ನು ತಿದ್ದಿದರೆ ಅದನ್ನು ನೆಚ್ಚಿದ ಎಲ್ಲವನ್ನೂ ಒರೆಸಿ ಮತ್ತೆ ಬರೆಯಬೇಕಿತ್ತು. ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ ಬ್ರಿಕ್ಲಿನ್ 1979ರಲ್ಲಿ ಆಪಲ್ 2 ಕಂಪ್ಯೂಟರಿಗೆ ವಿಸಿಕ್ಯಾಲ್ಕ್ ಹೊರತಂದರು. ಒಂದು ಅಂಕಿ ಬದಲಾದರೆ ಉಳಿದವು ತಾವೇ ಬದಲಾಗಬೇಕು ಎಂಬುದು ಹುಟ್ಟಿನಿಂದಲೇ ಇದರ ಧರ್ಮ. ಒಂದು ಸಾಲು ಹೋದರೂ ಉಳಿದವು ತಾವೇ ಹೊಂದಿಕೊಳ್ಳಬೇಕು ಎಂದು ನಾವು ಕಟ್ಟುವ ಶೀಟಿನಿಂದ ಬಯಸುವುದು ಅದೇ ಧರ್ಮದ ಮುಂದುವರಿಕೆ, ಮತ್ತು ಇದು ಸಾಫ್ಟ್‌ವೇರ್ ತಾನಾಗಿ ಕೊಡುವಂಥದ್ದಲ್ಲ, ಕಟ್ಟುವವರು ಕೊಡಬೇಕಾದದ್ದು.

ಕಟ್ಟಿದ ಶೀಟು ಹಾಗಿದೆಯೇ ಎಂದು ತಿಳಿಯಲು ನಾನು ನಂಬುವ ಪರೀಕ್ಷೆ ಒಂದಿದೆ. ಫೈಲಿನ ಪ್ರತಿ ತೆಗೆದು, ಆ ಪ್ರತಿಯಲ್ಲಿ ನಮೂದುಗಳ ಮೊದಲ ಸಾಲನ್ನು ಅಳಿಸಬೇಕು, ನಡುವಿನ ಒಂದನ್ನು ಅಳಿಸಬೇಕು, ಕೊನೆಯದನ್ನು ಅಳಿಸಬೇಕು. ಮೊದಲ ಸಾಲಿನಲ್ಲಿ ಲಂಗರಿನ ತಪ್ಪು, ನಡುವಿನದರಲ್ಲಿ ಒಂಟಿ ಸೆಲ್ಲನ್ನು ನೆಚ್ಚಿದ ತಪ್ಪು, ಕೊನೆಯದರಲ್ಲಿ ವ್ಯಾಪ್ತಿಯ ತಪ್ಪು ಹೊರಬರುತ್ತವೆ. ಕೊನೆಯದನ್ನು ಅಳಿಸಿದ ಮೇಲೆ ಮೊತ್ತದ ಮೇಲೆ ಹೊಸ ಸಾಲೊಂದನ್ನು ಸೇರಿಸಿ ಅದರಲ್ಲಿ 1 ರೂಪಾಯಿ ಜಮಾ ಬರೆದು, ಶಿಲ್ಕಿನ ಸೂತ್ರವನ್ನು ಅಲ್ಲಿಗೂ ಎಳೆಯಬೇಕು. ಒಟ್ಟು ಜಮಾದಲ್ಲಿ ಒಟ್ಟು ಖರ್ಚು ಕಳೆದದ್ದಕ್ಕೂ ಆ ಕೊನೆಯ ಶಿಲ್ಕಿಗೂ ವ್ಯತ್ಯಾಸ ಸೊನ್ನೆ ಬಂದರೆ ಆ ಒಂದು ರೂಪಾಯಿ ಮೊತ್ತಕ್ಕೆ ಸೇರಿದೆ. 1 ಬಂದರೆ ಸೂತ್ರದ ವ್ಯಾಪ್ತಿಯನ್ನು ಖಾಲಿ ಸಾಲಿನವರೆಗೆ ಹಿಗ್ಗಿಸಿ ಇನ್ನೊಮ್ಮೆ ನೋಡಬೇಕು.