ಸಾತಾನ್‌ಕುಳಂ ಠಾಣೆಯೊಳಗೆ ಒಂದು ಭಾನುವಾರ

2020ರ ಜೂನ್ 28. ತಮಿಳುನಾಡಿನ ತೂತ್ತುಕುಡಿ ಜಿಲ್ಲೆ, ತಾಳೆಮರಗಳ ಕೆಂಪು ಮರಳಿನ ಸೀಮೆ. ಕೊರೊನಾ ಕಾಲ, ಎಲ್ಲರ ಮುಖಕ್ಕೂ ಮಾಸ್ಕ್. ಸಾತಾನ್‌ಕುಳಂ ಪೊಲೀಸ್ ಠಾಣೆಯ ಬಾಗಿಲಿಗೆ ಕೋವಿಲ್‌ಪಟ್ಟಿಯ ಮ್ಯಾಜಿಸ್ಟ್ರೇಟ್ ಎಂ.ಎಸ್. ಭಾರತಿದಾಸನ್ ಬಂದಿದ್ದಾರೆ. ಮದ್ರಾಸ್ ಹೈಕೋರ್ಟಿನ ಮದುರೈ ಪೀಠದ ಆದೇಶ ಅವರ ಬೆನ್ನಿಗಿದೆ. ಅವರ ಹಿಂದೆಯೇ ನೀವೂ ಒಳಗೆ ಬನ್ನಿ.

ಹಿರಿಯ ಅಧಿಕಾರಿಗಳಿಬ್ಬರು ಆಗಲೇ ಅಲ್ಲಿ ನಿಂತಿದ್ದಾರೆ. ವಿಚಾರಣೆಗೆ ಬಂದ ನ್ಯಾಯಾಧೀಶರಿಗೆ ಸಿಗಬೇಕಾದ ಸ್ವಾಗತ ಇದಲ್ಲ. ನಿಂತ ಭಂಗಿಯಲ್ಲೇ ದರ್ಪ. ಮ್ಯಾಜಿಸ್ಟ್ರೇಟರು ಡೈರಿ, ದಾಖಲೆಗಳನ್ನು ಕೇಳುತ್ತಾರೆ. ಸುಲಭಕ್ಕೆ ಯಾವುದೂ ಮೇಜಿನ ಮೇಲೆ ಬರುವುದಿಲ್ಲ. ಪೊಲೀಸರು ಮೊಬೈಲ್ ಎತ್ತಿ ವಿಚಾರಣೆಯನ್ನೇ ವಿಡಿಯೊ ಮಾಡಿಕೊಳ್ಳುತ್ತಿದ್ದಾರೆ. ತನಿಖೆಗೆ ಒಳಗಾದವರು ತನಿಖೆ ಮಾಡುವವರ ಮೇಲೆ ಕಣ್ಣಿಟ್ಟಿದ್ದಾರೆ.

ಮ್ಯಾಜಿಸ್ಟ್ರೇಟರು ಬಂದದ್ದು ಎರಡು ಸಾವಿನ ಕಾರಣ ಹುಡುಕಿ. ಜೂನ್ 19ರ ಸಂಜೆ, ಲಾಕ್‌ಡೌನ್ ಹೊತ್ತು ಮೀರಿ ಮೊಬೈಲ್ ಅಂಗಡಿ ತೆರೆದಿದ್ದರೆಂದು ಹೇಳಿ ಪೊಲೀಸರು ಜಯರಾಜ್ ಅವರನ್ನು ಈ ಠಾಣೆಗೆ ಕರೆತಂದರು. ಅಪ್ಪನನ್ನು ಏಕೆ ಹಿಡಿದಿರಿ ಎಂದು ಕೇಳಲು ಮಗ ಬೆನಿಕ್ಸ್ ಬಂದ. ಆಮೇಲೆ ಇಬ್ಬರೂ ಆ ರಾತ್ರಿ ಮನೆಗೆ ಹೋಗಲಿಲ್ಲ. ಜೂನ್ 22ರ ರಾತ್ರಿ ಮಗ, ಮರುದಿನ ಬೆಳಿಗ್ಗೆ ಅಪ್ಪ, ಕೋವಿಲ್‌ಪಟ್ಟಿಯ ಸರ್ಕಾರಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಇಬ್ಬರೂ ಅಂಗಡಿ ಮುಂದೆ ನೆಲದ ಮೇಲೆ ಉರುಳಾಡಿ ತಾವೇ ಗಾಯ ಮಾಡಿಕೊಂಡರು ಎಂಬುದು ಎಫ್‌ಐಆರ್ ಹೇಳಿದ ಕತೆ. ಪಕ್ಕದ ಅಂಗಡಿಯ ಕ್ಯಾಮೆರಾದಲ್ಲಿ ಅಂಥ ಉರುಳಾಟ ಇರಲಿಲ್ಲ.

ಹಾಗಾದರೆ ಠಾಣೆಯ ಕ್ಯಾಮೆರಾ? ಇಗೋ, ಗೋಡೆಯ ಮೇಲಿದೆ. ಹಾರ್ಡ್‌ಡಿಸ್ಕ್‌ನಲ್ಲಿ ಒಂದು ಟೆರಾಬೈಟ್ ಜಾಗವಿದೆ. ಬಹಳ ದಿನಗಳ ದೃಶ್ಯ ಅದರಲ್ಲಿ ಉಳಿಯಬಹುದಿತ್ತು. ಆದರೆ ಪ್ರತಿದಿನ ತಾನಾಗಿ ಅಳಿಸಿಹೋಗುವಂತೆ ಅದನ್ನು ಹೊಂದಿಸಿಡಲಾಗಿದೆ. ಜೂನ್ 19ರ ರಾತ್ರಿ ಅದರಲ್ಲಿಲ್ಲ. ನನ್ನನ್ನು ಈ ಪ್ರಕರಣದಲ್ಲಿ ಇಂದಿಗೂ ಕಾಡುವುದು ಲಾಠಿಗಿಂತ ಹೆಚ್ಚಾಗಿ ಈ ಹೊಂದಿಕೆ. ಲಾಠಿ ಎತ್ತಿದವನು ಸಿಟ್ಟಿನ ನೆಪ ಹೇಳಬಹುದು. ದಿನದಿನವೂ ಸಾಕ್ಷ್ಯ ಅಳಿಸುವ ಏರ್ಪಾಡು ಸಿಟ್ಟಿನಲ್ಲಿ ಆಗುವಂಥದ್ದಲ್ಲ.

ಮ್ಯಾಜಿಸ್ಟ್ರೇಟರು ಈಗ ಲಾಠಿಗಳನ್ನು ಕೇಳುತ್ತಿದ್ದಾರೆ. ಕೇಳಿಸದವರಂತೆ ನಿಂತಿದ್ದಾರೆ ಸಿಬ್ಬಂದಿ. ಮತ್ತೆ ಕೇಳುತ್ತಾರೆ. ಒಬ್ಬ ಪೇದೆ ತನ್ನ ಲಾಠಿ ಊರಿನಲ್ಲಿದೆ ಎನ್ನುತ್ತಾನೆ. ಸ್ವಲ್ಪ ಹೊತ್ತಿಗೆ, ಇಲ್ಲ, ಕ್ವಾರ್ಟರ್ಸ್‌ನಲ್ಲಿದೆ ಎನ್ನುತ್ತಾನೆ. ಇನ್ನೊಬ್ಬ ಗೋಡೆ ಹಾರಿ ಓಡಿಯೇ ಹೋಗುತ್ತಾನೆ. ಆ ಗೊಂದಲದ ನಡುವೆಯೇ ಮ್ಯಾಜಿಸ್ಟ್ರೇಟರತ್ತ ಏಕವಚನದಲ್ಲಿ ಒಂದು ಮಾತು ತೂರಿ ಬರುತ್ತದೆ: ನಿನ್ನ ಕೈಲಿ ಏನೂ ಮಾಡೋಕಾಗಲ್ಲ ಎಂಬರ್ಥದ್ದು. ನ್ಯಾಯಾಧೀಶರಿಗೇ ಈ ಮಾತು ಆಡುವ ಠಾಣೆಯಲ್ಲಿ, ಮೊಬೈಲ್ ಅಂಗಡಿಯವನಿಗೆ ಏನು ಅಂದಿರಬಹುದು, ಯೋಚಿಸಿ.

ಇಷ್ಟರಲ್ಲಿ ಮಹಿಳಾ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಮ್ಯಾಜಿಸ್ಟ್ರೇಟರ ಎದುರು ಕೂರುತ್ತಾರೆ. ಆ ರಾತ್ರಿ ಡ್ಯೂಟಿಯಲ್ಲಿದ್ದವರು. ಬಾಯಿ ತೆರೆಯಲು ಭಯ. ಹೇಳಿದ್ದು ಹೊರಗೆ ಗೊತ್ತಾದರೆ ತನ್ನ ಗತಿಯೇನು ಎಂಬ ಭಯ. ಹೊರಗಿರುವವರು ನಾಳೆಯೂ ಅವರ ಮೇಲಧಿಕಾರಿಗಳು, ಜೊತೆ ಕೆಲಸ ಮಾಡುವವರು. ತಡೆತಡೆದು ಹೇಳುತ್ತಾರೆ: ಅಪ್ಪ, ಮಗ ಇಬ್ಬರನ್ನೂ ರಾತ್ರಿಯಿಡೀ ಲಾಠಿಯಿಂದ ಹೊಡೆದರು. ಲಾಠಿಗೂ ಮೇಜಿಗೂ ರಕ್ತ ಹತ್ತಿತ್ತು. ಅದನ್ನು ಅಳಿಸಿಬಿಡಬಹುದು, ಬೇಗ ವಶಕ್ಕೆ ತೆಗೆದುಕೊಳ್ಳಿ.

ಹೇಳಿಕೆ ಬರೆದಾಯಿತು. ಸಹಿ ಬೇಕು. ಆಕೆ ಒಲ್ಲೆ ಎನ್ನುತ್ತಾರೆ. ಹೇಳುವುದು ಬೇರೆ, ಹೇಳಿದ್ದಕ್ಕೆ ತನ್ನ ಹೆಸರು ಕೊಡುವುದು ಬೇರೆ. ಮ್ಯಾಜಿಸ್ಟ್ರೇಟರು ರಕ್ಷಣೆಯ ಭರವಸೆ ಕೊಡುತ್ತಾರೆ. ಕೊನೆಗೆ ಸಹಿ ಬೀಳುತ್ತದೆ.

ಈ ಸಹಿಯ ಬೆಲೆ ತಿಳಿಯಬೇಕಾದರೆ ಅದಕ್ಕೂ ಮೊದಲು ಬಿದ್ದ ಸಹಿಗಳನ್ನು ನೋಡಬೇಕು. ಜೂನ್ 20ರಂದು ಇದೇ ಇಬ್ಬರನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದರು. ರಕ್ತಕ್ಕೆ ಒದ್ದೆಯಾದ ಲುಂಗಿಗಳನ್ನು ಮತ್ತೆ ಮತ್ತೆ ಬದಲಿಸಬೇಕಾಯಿತು ಎಂದು ಮನೆಯವರು ಹೇಳಿದರು. ಆದರೂ ಫಿಟ್‌ನೆಸ್ ಸರ್ಟಿಫಿಕೇಟ್ ಸಿಕ್ಕಿತು. ಸ್ಥಳೀಯ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರು, ರಿಮಾಂಡ್ ಆಯಿತು. ಕೋವಿಲ್‌ಪಟ್ಟಿಯ ಸಬ್‌ಜೈಲಿಗೆ ಸೇರಿಸಿದರು. ಬಂಧಿತನ ದೇಹವನ್ನು ವೈದ್ಯರು ಪರೀಕ್ಷಿಸಬೇಕು, ಮನೆಯವರಿಗೆ ತಿಳಿಸಬೇಕು, ಬಂಧನದ ಮೆಮೊ ಬರೆಯಬೇಕು ಎಂದು ಸುಪ್ರೀಂ ಕೋರ್ಟ್ ಡಿ.ಕೆ. ಬಸು ಪ್ರಕರಣದಲ್ಲಿ 1996ರಲ್ಲೇ ವಿಧಿಸಿತ್ತು. ಇಲ್ಲಿ ಆಸ್ಪತ್ರೆಯೂ ಆಯಿತು, ಕೋರ್ಟೂ ಆಯಿತು, ಜೈಲೂ ಆಯಿತು. ಆಯಾ ಜಾಗದ ಕಾಗದವೂ ಹುಟ್ಟಿತು. ಆ ಇಬ್ಬರನ್ನು ಒಂದು ಗಳಿಗೆ ನಿಲ್ಲಿಸಿ, ಏನಾಯಿತಪ್ಪಾ ಎಂದು ಕೇಳಿ, ಉತ್ತರ ಬರುವತನಕ ಕಾದು, ಮುಂದಕ್ಕೆ ಕಳಿಸೆನೆಂದು ಹಟ ಹಿಡಿದವರು ಮಾತ್ರ ಆ ದಾರಿಯಲ್ಲಿ ಒಬ್ಬರೂ ಸಿಗಲಿಲ್ಲ.

ಮ್ಯಾಜಿಸ್ಟ್ರೇಟರ ವರದಿ ಹೈಕೋರ್ಟ್ ತಲುಪಿದ ಮೇಲೆ ಎಲ್ಲವೂ ಚುರುಕಾಯಿತು. ನ್ಯಾಯಮೂರ್ತಿ ಪಿ.ಎನ್. ಪ್ರಕಾಶ್ ಮತ್ತು ಬಿ. ಪುಗಳೇಂದಿ ಅವರ ಪೀಠ ಠಾಣೆಯನ್ನೇ ಪೊಲೀಸರ ಕೈಯಿಂದ ಬಿಡಿಸಿ ಕಂದಾಯ ಇಲಾಖೆಯ ವಶಕ್ಕೆ ಕೊಡುವಂತೆ ಹೇಳಿತು. ಸಾಕ್ಷ್ಯ ಉಳಿಸಲು ಪೊಲೀಸ್ ಠಾಣೆಗೇ ಕಾವಲು! ಮೇಲ್ನೋಟಕ್ಕೆ ಇದು ಕೊಲೆ ಪ್ರಕರಣ ಎಂದಿತು. ಸಿಬಿಐ ಬರುವತನಕ ಕಾಯದೆ ರಾಜ್ಯದ ಸಿಬಿ-ಸಿಐಡಿ ತನಿಖೆ ಶುರುಮಾಡಲಿ ಎಂದಿತು. ಹೇಳಿಕೆ ಕೊಟ್ಟ ಹೆಡ್ ಕಾನ್‌ಸ್ಟೆಬಲ್‌ಗೆ ರಕ್ಷಣೆ ಕೊಡಿಸಿತು. ಬಂಧನಗಳಾದವು. ಮುಂದೆ ಸಿಬಿಐ ಪೊಲೀಸರ ಮೇಲೆ ಕೊಲೆ ಆರೋಪ ಹೊರಿಸಿತು.

ಆ ಹೆಡ್ ಕಾನ್‌ಸ್ಟೆಬಲ್ ಧೈರ್ಯವನ್ನು ನಾವೆಲ್ಲ ಹೊಗಳಿದೆವು. ಹೊಗಳಬೇಕಾದದ್ದೇ. ಆದರೆ ಕಂಡದ್ದನ್ನು ಕಂಡಂತೆ ಹೇಳಲು ಸರ್ಕಾರಿ ನೌಕರಳೊಬ್ಬಳು ಪ್ರಾಣಭಯ ಗೆಲ್ಲಬೇಕಾಯಿತು ಎಂಬುದು ನಾಡಿಗೆ ಹೆಮ್ಮೆಯಲ್ಲ. ಆ ದಿನ ಆಕೆ ರಜೆಯಲ್ಲಿದ್ದಿದ್ದರೆ? ಕ್ಯಾಮೆರಾದ ನೆನಪು ಉಳಿದಿದ್ದರೆ ಅಷ್ಟೂ ಭಾರ ಆಕೆಯೊಬ್ಬಳ ಹೆಗಲ ಮೇಲೆ ಬೀಳುತ್ತಿರಲಿಲ್ಲ.

ಅದೇ ವರ್ಷ ಡಿಸೆಂಬರ್ 2ರಂದು, ಪರಮವೀರ್ ಸಿಂಗ್ ಸೈನಿ ಎಂಬ ಬೇರೊಂದು ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ದೇಶದ ಎಲ್ಲ ಠಾಣೆಗಳಿಗೂ ಅನ್ವಯಿಸುವ ಆದೇಶ ಕೊಟ್ಟಿತು. ಠಾಣೆಯ ಒಳಹೋಗುವ, ಹೊರಬರುವ ಬಾಗಿಲು, ಲಾಕಪ್, ಕಾರಿಡಾರ್, ಇನ್‌ಸ್ಪೆಕ್ಟರ್ ಕೊಠಡಿ ಎಲ್ಲೆಡೆ ಕ್ಯಾಮೆರಾ ಇರಬೇಕು. ದೃಶ್ಯದೊಂದಿಗೆ ಧ್ವನಿಯೂ ದಾಖಲಾಗಬೇಕು. ಅದು 18 ತಿಂಗಳು ಉಳಿಯಬೇಕು. ಅಷ್ಟು ಉಳಿಸುವ ಉಪಕರಣ ಸಿಗದಿದ್ದರೂ ಒಂದು ವರ್ಷಕ್ಕೆ ಕಡಿಮೆಯಾಗಬಾರದು. ಕ್ಯಾಮೆರಾ ಕೆಟ್ಟರೆ ಸರಿಪಡಿಸುವ ಹೊಣೆ ಠಾಣಾಧಿಕಾರಿಯದು. ಇಲ್ಲಿ ಕ್ಯಾಮೆರಾ ಇದೆ, ಹಕ್ಕುಗಳ ಉಲ್ಲಂಘನೆಯಾದರೆ ಮಾನವ ಹಕ್ಕುಗಳ ಆಯೋಗಕ್ಕೋ ಕೋರ್ಟಿಗೋ ದೂರು ಕೊಡಬಹುದು ಎಂಬ ಫಲಕ ಜನರ ಭಾಷೆಯಲ್ಲಿ, ಕಣ್ಣಿಗೆ ಬೀಳುವಂತೆ ಇರಬೇಕು. ಕರ್ನಾಟಕದ ಠಾಣೆಗಳೂ ಈ ಆದೇಶಕ್ಕೆ ಒಳಪಟ್ಟಿವೆ. ಪಾಸ್‌ಪೋರ್ಟ್ ಕೆಲಸಕ್ಕೋ, ಕಳೆದುಹೋದ ಫೋನಿನ ದೂರಿಗೋ ನಿಮ್ಮೂರ ಠಾಣೆಗೆ ಹೋದಾಗ ಆ ಫಲಕ ಕನ್ನಡದಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಏಕಿಲ್ಲ ಎಂದು ಕೇಳಿ. ಇದ್ದರೆ, ಕ್ಯಾಮೆರಾದ ದೃಶ್ಯ ಎಷ್ಟು ದಿನ ಉಳಿಯುತ್ತದೆ ಸಾರ್ ಎಂದೂ ಕೇಳಿ.