ಬುದ್ಧಿಹಲ್ಲಿನ ಪ್ರಸಂಗ

17ರಿಂದ 25ರ ಪ್ರಾಯದೊಳಗೆ ಮೂಡುವ ಹಲ್ಲಿಗೆ ಬುದ್ಧಿಹಲ್ಲೆಂದು ಹೆಸರಿಟ್ಟವರು ಹಾಸ್ಯಪ್ರಿಯರೇ ಇರಬೇಕು. ಆ ಪ್ರಾಯದಲ್ಲಿ ಬುದ್ಧಿಯೊಂದನ್ನುಳಿದು ಮಿಕ್ಕೆಲ್ಲವೂ ಬರುತ್ತದೆ. 28 ಮಂದಿ ಪಂಕ್ತಿಯಲ್ಲಿ ಕುಳಿತಾದ ಮೇಲೆ ಬರುವ ಈ ನಾಲ್ವರಿಗೆ ಎಷ್ಟೋ ದವಡೆಗಳಲ್ಲಿ ಎಲೆ ಹಾಕಲು ಜಾಗವಿರುವುದಿಲ್ಲ. ಆಗ ಒಬ್ಬನಾದರೂ ಪಕ್ಕದವನ ಮೈಮೇಲೆ ಒರಗಿ ಮಲಗಿಬಿಡುತ್ತಾನೆ.

ನನ್ನ ಎಡಗೆಳಗಿನವನು ಹಾಗೆ ಮಲಗಿದವನು. ತೊಂದರೆ ಕೊಡದ ಇಂಥ ಹಲ್ಲನ್ನು ಸುಮ್ಮನೆ ಕೀಳಬೇಡಿರೆಂದು ಇಂಗ್ಲೆಂಡಿನ ಆರೋಗ್ಯಸಂಸ್ಥೆ 2000ದಲ್ಲೇ ಸೂಚಿಸಿತ್ತು. ನನ್ನದು ಅಂಥ ಸಾಧುವಲ್ಲ. ಅದರ ಅರ್ಧಭಾಗವನ್ನು ಮುಚ್ಚಿದ್ದ ಒಸಡಿನೊಳಗೆ ಅನ್ನದಗುಳು ಸೇರಿ, ಒಂದೇ ವರ್ಷದಲ್ಲಿ ಮೂರು ಸಲ ಕೀವಾಗಿ ಕೆನ್ನೆ ಬಾತಿತ್ತು.

ಆಸ್ಪತ್ರೆಯ ಒಪ್ಪಿಗೆಪತ್ರ ಮಲಯಾಳ, ಇಂಗ್ಲಿಷುಗಳಲ್ಲಿತ್ತು, ಕನ್ನಡದಲ್ಲಿರಲಿಲ್ಲ. ಡಾಕ್ಟರಮ್ಮ ತಾವೇ ಓದಿ ವಿವರಿಸಿದರು. ದವಡೆಯ ಮೂಳೆಯೊಳಗೆ ಹರಿಯುವ ಒಂದು ನರ ತುಟಿ, ಗದ್ದಗಳಿಗೆ ಸ್ಪರ್ಶ ಕೊಡುತ್ತದೆ. ಒಸಡಿನ ಒಳಮೈಯಲ್ಲಿರುವ ಇನ್ನೊಂದು ನಾಲಗೆಗೆ. ಅಪರೂಪಕ್ಕೆ ಇವು ನೋಯುವುದುಂಟು. ಹೆಚ್ಚಿನವರಿಗೆ ವಾರಗಳಲ್ಲೋ ತಿಂಗಳುಗಳಲ್ಲೋ ಸರಿಯಾಗುತ್ತದೆ, ಕೆಲವರಿಗೆ ಆಗುವುದಿಲ್ಲ. “ನಾವ್ ಮರವಿಕ್ಕುಂ,” ಎಂದರು. ಮಲಯಾಳದಲ್ಲಿ ‘ನಾವ್’ ಎಂದರೆ ನಾಲಗೆ. ಕನ್ನಡದ ಕಿವಿಗೆ ಅದು ‘ನಾವು’ ಎಂದೇ ಕೇಳಿತು.

ನಾನು ತಾಳಮದ್ದಳೆಯಲ್ಲಿ ಅರ್ಥ ಹೇಳುವವನು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ ಮುಗಿದ ಮೇಲೆ ಕೃಷ್ಣನೂ ಕೌರವನೂ ಹುಟ್ಟಬೇಕಾದುದು ನಾಲಗೆಯಿಂದಲೇ. ಎರಡು ಮನಸ್ಸಿನಿಂದಲೇ ಸಹಿ ಹಾಕಿದೆ.

ಲಿಗ್ನೋಕೇನ್ ಚುಚ್ಚಿದ ಮೇಲೆ ನೋವಿಲ್ಲ. ಸದ್ದು ಮತ್ತು ಒತ್ತಡ ಮಾತ್ರ. ಒಸಡನ್ನು ಕೊಯ್ದು ಪಕ್ಕಕ್ಕೆ ಮಡಚಿದರು. ಕೊರೆಯುವ ಬಿಸಿಗೆ ಮೂಳೆ ಸಾಯದಂತೆ ಸಲೈನ್ ಹನಿಸುತ್ತ, ಹಲ್ಲಿನ ಸುತ್ತಣ ಮೂಳೆಯನ್ನು ತುಸುವೇ ಕೊರೆದರು. ಬಾಗಿಲಲ್ಲಿ ಹಿಡಿಸದ ಮಂಚವನ್ನು ಬಿಚ್ಚಿ ಹೊರತರುವಂತೆ ಹಲ್ಲನ್ನು ತುಂಡರಿಸಿ ಒಂದೊಂದಾಗಿ ಎಬ್ಬಿಸಿದರು. ಹೀಗೆ ಮಾಡಿದರೆ ಕೊರೆಯುವ ಮೂಳೆ ಕಡಿಮೆ. ನಡುನಡುವೆ “ವೇದನ ಉಂಡೋ?” ಎಂಬ ಪ್ರಶ್ನೆ. ಕೊನೆಗೆ ಮೂರು ಹೊಲಿಗೆ.

ಅನಂತರದ ವ್ರತವೇ ಕಠಿಣ. ಗುಂಡಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯಕ್ಕೆ ಮುಚ್ಚಳ. ಮೊದಲ ದಿನ ಉಗುಳಬಾರದು, ಬಾಯಿ ಮುಕ್ಕಳಿಸಬಾರದು, ಬಿಸಿ ಕುಡಿಯಬಾರದು. ಎಲೆಯಡಿಕೆಯವನಿಗೆ ಉಗುಳದಿರುವುದಕ್ಕಿಂತ ದೊಡ್ಡ ತಪಸ್ಸುಂಟೇ? ಆ ಹೆಪ್ಪು ಜಾರಿದರೆ ಮೂಳೆ ಬರಿದಾಗಿ, ಮೂರು ನಾಲ್ಕನೆಯ ದಿನ ಕಿವಿಯವರೆಗೆ ನೋವೇರುತ್ತದೆ. ಬೀಡಿ ಸೇದುವವರಿಗೆ ಈ ಅಪಾಯ ಹೆಚ್ಚು. ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು, ಊಟಕ್ಕೆ ಆರಿದ ಗಂಜಿ. ಮೂರನೆಯ ದಿನದವರೆಗೆ ಬಾವು ಏರಿ ಮತ್ತೆ ಇಳಿಯಿತು. ಬಾಯಿ ಒಂದು ಬೆರಳಿನಷ್ಟೇ ತೆರೆಯುತ್ತಿತ್ತು. ಏಳನೆಯ ದಿನ ಹೊಲಿಗೆ ಬಿಚ್ಚಿದರು.

ಆದರೆ ನಾಲಗೆಯ ಎಡ ಅಂಚು ಮರಗಟ್ಟಿಯೇ ಇತ್ತು. ನಾಲಗೆಯನ್ನು ಆಡಿಸುವ ನರ ಬೇರೆ, ಸ್ಪರ್ಶ ತಿಳಿಸುವ ನರ ಬೇರೆ ಎಂದರು ಡಾಕ್ಟರಮ್ಮ. ಆದ್ದರಿಂದ ಮಾತು ಹೊರಡುತ್ತಿತ್ತು. ಹೊರಟದ್ದು ಬಾಯಿಗೆ ತಿಳಿಯುತ್ತಿರಲಿಲ್ಲ. ರಾತ್ರಿ ಒಬ್ಬನೇ ಕುಳಿತು ಲ, ಳ ಹೇಳಿ ನೋಡುತ್ತಿದ್ದೆ. ಹಳಗನ್ನಡದಲ್ಲಿದ್ದು ನಾವು ಕಳೆದುಕೊಂಡ, ಮಲಯಾಳ ಇಂದಿಗೂ ಕಾಪಾಡಿಕೊಂಡಿರುವ ೞಕಾರವನ್ನೂ ಹೇಳುತ್ತಿದ್ದೆ. ಇರುವ ಅಕ್ಷರ ಕೈಬಿಟ್ಟು ಹೋಗುವುದೆಂದರೇನೆಂದು ಆಗ ಯೋಚನೆಗೆ ಬಂತು.

ಆರನೆಯ ವಾರ ನಾಲಗೆಯಂಚಿನಲ್ಲಿ ಇರುವೆ ಹರಿದಂತಾಯಿತು. ನರ ಎಚ್ಚರಗೊಳ್ಳುವ ಲಕ್ಷಣವಂತೆ. ಅಷ್ಟು ಹಿತವಾದ ಇರುವೆಯನ್ನು ನಾನು ಕಂಡಿಲ್ಲ.